ಗೌರಿ ಹೂವಿಗೆ ಒಂದಿಷ್ಟು ನೆರಳು

ಹೂದೋಟ ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಬಿಸಿಲು ತುಂಬಿದ ಅಂಗಳ. ಗುಲಾಬಿಗೆ ಬಿಸಿಲು ಬೇಕು, ಸೇವಂತಿಗೆಗೆ ಬಿಸಿಲು ಬೇಕು, ಮಲ್ಲಿಗೆಗಂತೂ ಬೇಕೇ ಬೇಕು. ಆದರೆ ನಮ್ಮ ಊರುಗಳ ಹಳೆಯ ಮನೆಗಳ ಹಿತ್ತಲಿನಲ್ಲಿ ಒಂದು ಬೇವೋ ಹೊಂಗೆಯೋ ಇದ್ದೇ ಇರುತ್ತದೆ. ಅದರ ಬುಡದಲ್ಲಿ ದಿನದ ಬಹುಪಾಲು ನೆರಳು. ಆ ಜಾಗವನ್ನು ನಾವು ಕಟ್ಟಿಗೆ ಒಟ್ಟುವುದಕ್ಕೋ ಮುರಿದ ಸಾಮಾನು ಇಡುವುದಕ್ಕೋ ಬಿಟ್ಟುಕೊಟ್ಟು, ‘ಅಲ್ಲಿ ಏನೂ ಬೆಳೆಯುವುದಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಮರದ ಕೆಳಗೆ ಏನೂ ಬೆಳೆಯದಿದ್ದರೆ ಅಡವಿ ಎಂಬುದೇ ಇರುತ್ತಿರಲಿಲ್ಲ. ಅಡವಿಯ ಅಂಚಿನಲ್ಲಿ, ಪೊದೆಗಳ ನಡುವೆ ಹುಟ್ಟಿ, ನೆರಳಿನಲ್ಲಿ ಬೇರೂರಿ, ಬೆಳಕಿನಲ್ಲಿ ಅರಳುವ ನಮ್ಮದೇ ನಾಡಿನ ಒಂದು ಹೂವಿನ ವಿಷಯವನ್ನು ಇಂದು ನಾನು ಹೇಳಬೇಕೆಂದಿದ್ದೇನೆ. ಅದನ್ನು ಗೌರಿ ಹೂವು ಎನ್ನುತ್ತಾರೆ.

ಇದಕ್ಕಿರುವ ಹೆಸರುಗಳನ್ನು ಕೇಳಿದರೆ ಸಹೃದಯರಿಗೆ ಸಂತೋಷವಾದೀತು. ಭಾದ್ರಪದದ ಗೌರಿ ಹಬ್ಬದ ಸುಮಾರಿಗೆ ಅರಳುವುದರಿಂದ ಗೌರಿ ಹೂವು. ಉರಿಯ ನಾಲಗೆಗಳಂತೆ ಮೇಲಕ್ಕೆ ಚಾಚಿದ ಎಸಳುಗಳಿಂದಾಗಿ ಅಗ್ನಿಶಿಖೆ. ಕೆಲವರಿಗೆ ಇದು ಶಿವಶಕ್ತಿ, ಕೆಲವರಿಗೆ ಅಕ್ಕತಂಗಿಯರ ಬಳ್ಳಿ, ಮತ್ತೆ ಕೆಲವರಿಗೆ ಕರಡಿ ಕಣ್ಣಿನ ಗಡ್ಡೆ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಲಾಂಗಲೀ ಎಂದು ಕರೆದವು. ಲಾಂಗಲವೆಂದರೆ ನೇಗಿಲು, ಈ ಬಳ್ಳಿಯ ಗಡ್ಡೆ ನೇಗಿಲಿನಂತೆ ಬಾಗಿ ಎರಡು ಕವಲಾಗಿರುತ್ತದೆ. ಹಬ್ಬ ಮಾಡುವವರು ಕಾಲವನ್ನು ನೋಡಿದರು, ವೈದ್ಯರು ಮಣ್ಣು ಕೆದಕಿ ಗಡ್ಡೆಯನ್ನು ನೋಡಿದರು. ಹೆಸರುಗಳು ಹಾಗೆ ಹುಟ್ಟಿದವು. 17ನೆಯ ಶತಮಾನದಲ್ಲಿ ಡಚ್ಚರು ಸಿದ್ಧಪಡಿಸಿದ ‘ಹೊರ್ತುಸ್ ಮಲಬಾರಿಕಸ್’ ಎಂಬ ಮಹಾಗ್ರಂಥದಲ್ಲಿ ಇದು ತನ್ನ ಮಲೆಯಾಳಿ ಹೆಸರಿನಿಂದ ಬಂದಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ‘ಗ್ಲೋರಿಯೋಸ ಸುಪರ್ಬ’ ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ಮಹಿಮೆ ತುಂಬಿದ್ದು, ಭವ್ಯವಾದದ್ದು ಎಂಬುದು ಆ ಲ್ಯಾಟಿನ್ ಮಾತುಗಳ ತಾತ್ಪರ್ಯ. ಶಾಸ್ತ್ರಜ್ಞನೂ ಒಮ್ಮೊಮ್ಮೆ ಕವಿಯಾಗುತ್ತಾನೆ.

ನಮ್ಮ ಕಾವ್ಯಗಳ ವನವರ್ಣನೆಗಳಲ್ಲಿ ಮಲ್ಲಿಗೆ, ಸಂಪಿಗೆ, ಕೇದಗೆ, ಸುರಗಿ, ಪಾದರಿಗಳು ಮತ್ತೆ ಮತ್ತೆ ಬರುತ್ತವೆ. ಅವೆಲ್ಲ ಕಂಪಿನ ಹೂಗಳು. ಗೌರಿ ಹೂವಿಗೆ ಕಂಪಿಲ್ಲ. ತಮಿಳಿನ ಸಂಗಂ ಕವಿಗಳಾದರೋ ಬಣ್ಣಕ್ಕೇ ಮನಸೋತರು. ಅವರು ಇದನ್ನು ಕಾಂದಳ್ ಎಂದು ಕರೆದು, ಬೆಟ್ಟದ ನಾಡಿನ ಹೂವೆಂದು, ಮುರುಗನಿಗೆ ಪ್ರಿಯವಾದದ್ದೆಂದು ಹಾಡಿದರು. ಹೆಣ್ಣಿನ ನೀಳ ಬೆರಳುಗಳಿಗೆ ಇದರ ಎಸಳುಗಳನ್ನು ಹೋಲಿಸಿದರು. ಕಪಿಲರ ‘ಕುರಿಂಜಿಪ್ಪಾಟ್ಟು’ವಿನಲ್ಲಿ ಬರುವ ಹೂಗಳ ದೀರ್ಘ ಪಟ್ಟಿ ಮೊದಲಾಗುವುದೇ ಕೆಂಪು ಕಾಂದಳಿನಿಂದ. ಇಂದು ಇದು ತಮಿಳುನಾಡಿನ ರಾಜ್ಯಪುಷ್ಪ. ಆಫ್ರಿಕಾ ಖಂಡದಲ್ಲಿಯೂ ಇದು ಸಹಜವಾಗಿ ಬೆಳೆಯುತ್ತದೆ. ಜಿಂಬಾಬ್ವೆ ದೇಶದ ರಾಷ್ಟ್ರಪುಷ್ಪವೂ ಇದೇ. ಎರಡು ನಾಡುಗಳ ಲಾಂಛನವಾದ ಈ ಹೂವನ್ನು ನಮ್ಮ ಪಟ್ಟಣಗಳ ಎಷ್ಟು ಜನ ಕಣ್ಣಾರೆ ಕಂಡಿದ್ದಾರೆ?

ನಾನಿರುವ ಊರು ಮುಂಡರಗಿ ತಾಲ್ಲೂಕಿನ ಹಮ್ಮಿಗಿ. ತುಂಗಭದ್ರೆಯ ದಡದ ಊರು. ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ಇರುವುದು ನಮ್ಮೂರ ಬಳಿಯಲ್ಲಿಯೇ. ಹೊಳೆಯಾಚೆ ಹೂವಿನಹಡಗಲಿಯ ಸೀಮೆ. ವಿಜಯನಗರದ ಕಾಲದಲ್ಲಿ ಅಲ್ಲಿಂದ ಹಂಪೆಗೆ ಹೊಳೆಯ ಮೇಲೆ ಹೂವು ಹೋಗುತ್ತಿತ್ತೆಂಬ ಐತಿಹ್ಯವಿದೆ. ಹಡಗಲಿಯ ಮಲ್ಲಿಗೆ ಈಗಲೂ ಹೆಸರುವಾಸಿ. ಹೊಳೆಯ ಈಚೆಗೆ ಕಪ್ಪತಗುಡ್ಡ. ಗದಗಿನ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಹಬ್ಬಿರುವ ಈ ಗುಡ್ಡಸಾಲು ಔಷಧಿ ಸಸ್ಯಗಳ ಕಣಜವೆಂದು ಪ್ರಸಿದ್ಧವಾಗಿದೆ. ಇದು ಮಲೆನಾಡಿನ ದಟ್ಟ ಕಾಡಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಬೀಳುವ ಜಿಲ್ಲೆ ನಮ್ಮದು. ಬೇಸಗೆಯಲ್ಲಿ ನೋಡಿದವರಿಗೆ ಇದು ಬೋಳು ಗುಡ್ಡವೆನ್ನಿಸಬಹುದು. ಮಳೆ ಹಿಡಿದ ಮೇಲೆ ನೋಡಿದವರಿಗೆ ಬೇರೊಂದೇ ಲೋಕ ಕಾಣಿಸುತ್ತದೆ. ಬಂದರಿಕೆ, ಕವಳಿ, ಬಾರಿಯ ಕಂಟಿಗಳ ಒಡಲಿನಿಂದ ತೆಳ್ಳನೆಯ ಹಸುರು ಕಾಂಡವೊಂದು ಏರುತ್ತ ಬಂದು, ಕಂಟಿಯ ನೆತ್ತಿಯ ಮೇಲೆ ಹೊರಟು, ಕೆಂಪು ಹಳದಿಯ ದೀಪ ಹಚ್ಚುತ್ತದೆ.

ಈ ಬಳ್ಳಿಯ ಮೈಕಟ್ಟನ್ನು ಸ್ವಲ್ಪ ವಿವರವಾಗಿ ನೋಡೋಣ. ಬೆಳೆಸುವ ರೀತಿಯೆಲ್ಲ ಅದರಲ್ಲಿಯೇ ಅಡಗಿದೆ. ಸಾಮಾನ್ಯವಾಗಿ ಬಳ್ಳಿಗಳು ಕಾಂಡವನ್ನೇ ಸುತ್ತಿ ಏರುತ್ತವೆ, ಇಲ್ಲವೆ ಬೇರೆಯಾಗಿ ಹುಟ್ಟಿದ ಕುಡಿಗಳಿಂದ ಹಿಡಿದುಕೊಳ್ಳುತ್ತವೆ. ಗೌರಿ ಹೂವಿನ ಬಳ್ಳಿ ಎಲೆಯನ್ನೇ ಕೈ ಮಾಡಿಕೊಂಡಿದೆ. ಪ್ರತಿಯೊಂದು ಎಲೆಯ ತುದಿಯೂ ನೀಳವಾಗಿ ಸಾಗಿ, ಸುರುಳಿಗಟ್ಟಿ, ಸಿಕ್ಕ ಕಡ್ಡಿಯನ್ನು ಹಿಡಿಯುತ್ತದೆ. ದಪ್ಪನೆಯ ಗೂಟವನ್ನು ಅದು ಹಿಡಿಯಲಾರದು; ತೆಳುವಾದ ರೆಂಬೆಗಳೇ ಬೇಕು. ಹೀಗೆ ಎಲೆಯಿಂದ ಎಲೆಗೆ ಆತುಕೊಳ್ಳುತ್ತ ಆಳೆತ್ತರಕ್ಕೂ ಮಿಕ್ಕು ಏರುವುದುಂಟು.

ಹೂವಿನ ರಚನೆ ಇನ್ನೂ ವಿಚಿತ್ರ. ಮೊಗ್ಗು ನೆಲ ನೋಡುತ್ತ ತೂಗುತ್ತಿರುತ್ತದೆ. ಅರಳುವಾಗ ಆರು ಎಸಳುಗಳೂ ಹಿಂದಕ್ಕೆ ಮಡಿಚಿಕೊಂಡು ಆಕಾಶಕ್ಕೆ ಏಳುತ್ತವೆ; ಅಂಚೆಲ್ಲ ನಿರಿಗೆ. ಮೊದಲು ಹಸುರು, ಆಮೇಲೆ ಹಳದಿ, ತುದಿಯಿಂದ ಇಳಿಯುವ ಕೆಂಪು, ಕೊನೆಗೆ ಇಡೀ ಹೂವೇ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಬೇರೆ ಬೇರೆ ಪ್ರಾಯದ ಹೂಗಳು ಬೇರೆ ಬೇರೆ ಬಣ್ಣದಲ್ಲಿ ನಿಂತಿರುವುದನ್ನು ಕಂಡವರು ಇವು ಎರಡು ಜಾತಿಯ ಹೂಗಳೆಂದು ಭ್ರಮಿಸುತ್ತಾರೆ. ಆರು ಕೇಸರಗಳು ಚಕ್ರದ ಅರಗಳಂತೆ ಸುತ್ತಲೂ ಚಾಚಿರುತ್ತವೆ. ಹೆಣ್ಣು ಭಾಗವಾದ ಶಲಾಕೆ ಮಾತ್ರ ಬುಡದಲ್ಲಿಯೇ ಬಾಗಿ, ಒಂದು ಪಕ್ಕಕ್ಕೆ ಸರಿದು, ತನ್ನದೇ ಹೂವಿನ ಪರಾಗದಿಂದ ದೂರ ನಿಲ್ಲುತ್ತದೆ. ಇನ್ನೊಂದು ಹೂವಿನ ಪರಾಗ ಬರಲೆಂಬ ಏರ್ಪಾಟು ಅದು. ದೊಡ್ಡ ರೆಕ್ಕೆಯ ಚಿಟ್ಟೆಗಳು ಮಕರಂದಕ್ಕಾಗಿ ಬಂದಾಗ ರೆಕ್ಕೆಗೆ ಪರಾಗ ತಗುಲಿ ಆ ಕಾರ್ಯ ನೆರವೇರುತ್ತದೆ. ಬೀಜಕ್ಕಾಗಿ ಇದನ್ನು ಹೊಲದಲ್ಲಿ ಬೆಳೆಯುವ ತಮಿಳುನಾಡಿನ ರೈತರು ಚಿಟ್ಟೆಯನ್ನೇ ನಂಬಿ ಕೂರದೆ ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ.

ಈಗ ನೆರಳಿನ ವಿಷಯಕ್ಕೆ ಬರೋಣ. ನೆರಳೆಂದರೆ ಎಲ್ಲವೂ ಒಂದೇ ನೆರಳಲ್ಲ. ಗೋಡೆಯ ನೆರಳು ಬೇರೆ, ಮರದ ನೆರಳು ಬೇರೆ. ಹುಣಿಸೆಯ ನೆರಳು ಬೇರೆ, ಬೇವಿನ ನೆರಳು ಬೇರೆ. ಈ ಬಳ್ಳಿಗೆ ಹಿಡಿಸುವುದು ಅಡವಿಯ ಅಂಚಿನ ನೆರಳು. ಕಾಲು ತಂಪಾಗಿರಬೇಕು, ತಲೆ ಬೆಳಕಿಗೆ ಏರಬೇಕು. ಮಧ್ಯಾಹ್ನದ ಹೊತ್ತು ಮರದ ಕೆಳಗೆ ನಿಂತು ನೆಲ ನೋಡಿದರೆ ಗೊತ್ತಾಗುತ್ತದೆ. ರೂಪಾಯಿಯ ಬಿಲ್ಲೆಗಳನ್ನು ಚೆಲ್ಲಿದಂತೆ ಬಿಸಿಲಿನ ಚುಕ್ಕೆಗಳು ಅಲ್ಲಲ್ಲಿ ಬಿದ್ದಿದ್ದರೆ ಆ ಜಾಗ ಯೋಗ್ಯ. ನೆಲವೆಲ್ಲ ಒಂದೇ ಕಪ್ಪಾಗಿದ್ದರೆ ಬಳ್ಳಿ ಎಲೆ ಬಿಟ್ಟೀತು, ಹೂವು ಬಿಡಲಾರದು. ಮರದ ಮೂಡಣ ಮಗ್ಗುಲು ಎಲ್ಲಕ್ಕಿಂತ ಲೇಸು. ಬೆಳಗಿನ ಎಳೆಬಿಸಿಲು ಸಿಕ್ಕುತ್ತದೆ, ಇಳಿಹೊತ್ತಿನ ಝಳ ತಪ್ಪುತ್ತದೆ.

ಹಾಗಾದರೆ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಇಂಥ ಮೃದುವಾದ ಬಳ್ಳಿ ಹೇಗೆ ತಾಳುತ್ತದೆ ಎಂದು ಯಾರಾದರೂ ಕೇಳಬಹುದು. ಅದು ತಾಳುವುದೇ ಇಲ್ಲ, ಮಲಗಿಬಿಡುತ್ತದೆ. ಕಾರ್ತಿಕ ಮಾಸದ ಹೊತ್ತಿಗೆ ಕಾಯಿ ಬಲಿತು, ಎಲೆ ಹಳದಿಯಾಗಿ, ಕಾಂಡ ಒಣಗಿ, ನೆಲದ ಮೇಲೆ ಬಳ್ಳಿಯಿತ್ತೆಂಬ ಕುರುಹೂ ಉಳಿಯುವುದಿಲ್ಲ. ಮುಂದಿನ ಆರು ತಿಂಗಳು ಅದರ ಜೀವವೆಲ್ಲ ಗಡ್ಡೆಯಲ್ಲಿ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಮತ್ತೆ ಚಿಗುರು. ವರ್ಷದ ಅರ್ಧ ಭಾಗ ಕಣ್ಣಿಗೆ ಕಾಣದಿರುವುದೇ ಇದು ಒಣನಾಡಿನಲ್ಲಿ ಬದುಕುವ ಗುಟ್ಟು. ಹೂದೋಟ ಮಾಡುವವರು ಇದನ್ನು ಅರಿತುಕೊಳ್ಳದಿದ್ದರೆ, ಸತ್ತುಹೋಯಿತೆಂದು ಭಾವಿಸಿ ಮಾಗಿಯಲ್ಲಿ ನೀರು ಹೊಯ್ಯುತ್ತಾರೆ. ಮಲಗಿದ ಗಡ್ಡೆಗೆ ನೀರೇ ಶತ್ರು, ಕೊಳೆತುಹೋಗುತ್ತದೆ. ಎಲೆ ಹಳದಿಯಾದೊಡನೆ ನೀರು ನಿಲ್ಲಿಸಿ, ಗಡ್ಡೆಯಿರುವ ಜಾಗಕ್ಕೊಂದು ಗುರುತು ನೆಟ್ಟು, ಮೇ ತಿಂಗಳ ಕೊನೆಯವರೆಗೆ ಅತ್ತ ಕೈ ಹಾಕದಿರುವುದೇ ದೊಡ್ಡ ಆರೈಕೆ.

ಮಣ್ಣಿನ ಬಗ್ಗೆ ಒಂದು ಮಾತು. ನಮ್ಮ ಹೊಳೆಸಾಲಿನ ಎರೆ ಮಣ್ಣು ಜೋಳಕ್ಕೆ, ಕಡಲೆಗೆ ಬಂಗಾರ. ಈ ಬಳ್ಳಿಗೆ ಮಾತ್ರ ಆಗದು. ಎರೆ ನೀರನ್ನು ಹಿಡಿದಿಡುತ್ತದೆ, ಬೇಸಗೆಯಲ್ಲಿ ಬಿರಿದು ಗಡ್ಡೆಯನ್ನು ನೋಯಿಸುತ್ತದೆ. ಬೇಕಾದದ್ದು ಗುಡ್ಡದ ಸೆರಗಿನಂಥ ಕೆಂಪು ಮಸಾರಿ ಮಣ್ಣು. ಎರಡು ಪಾಲು ಮಸಾರಿ, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ ಬೆರೆಸಿದರೆ ಸಾಕು. ಮರದ ಬುಡದಲ್ಲಿ ಮರದ ಬೇರುಗಳೇ ತೇವವನ್ನೆಲ್ಲ ಹೀರಿಕೊಳ್ಳುವುದರಿಂದ ನಾನು ಒಂದು ಅಡಿ ಆಳದ ಮಣ್ಣಿನ ಕುಂಡಗಳಲ್ಲಿ ಬೆಳೆಸಿ, ಕುಂಡಗಳನ್ನು ಬೇವಿನ ಮೂಡಣ ಮಗ್ಗುಲಿಗೆ ಇಡುತ್ತೇನೆ. ಕುಂಡದ ತಳದಲ್ಲಿ ರಂಧ್ರವಿರಬೇಕು, ಅದರ ಮೇಲೆ ಒಂದಿಷ್ಟು ಹೆಂಚಿನ ಚೂರು. ಚಳಿಗಾಲದಲ್ಲಿ ಕುಂಡವನ್ನು ಹಾಗೆಯೇ ಎತ್ತಿ ಒಣಜಾಗಕ್ಕೆ ಸರಿಸಿಬಿಡಬಹುದು.

ಗಡ್ಡೆ ನೆಡುವುದು ರೋಹಿಣಿ, ಮೃಗಶಿರಾ ಮಳೆಗಳ ಕಾಲದಲ್ಲಿ. ಎರಡು ಮೂರು ಅಂಗುಲ ಆಳದಲ್ಲಿ ಗಡ್ಡೆಯನ್ನು ಅಡ್ಡವಾಗಿ ಮಲಗಿಸಬೇಕು. ಕವಲಿನ ತುದಿಯಲ್ಲಿ ಸಾಮಾನ್ಯವಾಗಿ ಒಂದೇ ಒಂದು ಮೊಳಕೆಕಣ್ಣು ಇರುತ್ತದೆ. ಆಲೂಗಡ್ಡೆಗಾದರೆ ಮೈತುಂಬ ಕಣ್ಣು. ಒಂದು ಹೋದರೆ ಇನ್ನೊಂದು. ಇಲ್ಲಿ ಹಾಗಿಲ್ಲ. ಆ ತುದಿ ಮುರಿದರೆ ಆ ಕವಲಿನ ಕಥೆ ಮುಗಿದಂತೆ. ಆದ್ದರಿಂದ ಕೋಳಿಮೊಟ್ಟೆಯನ್ನು ಹಿಡಿದಂತೆ ಹಿಡಿಯಬೇಕು. ಬಳ್ಳಿ ಏರುವುದಕ್ಕೆ ಬೇಕಾದ ಕಡ್ಡಿಯನ್ನು ನೆಡುವಾಗಲೇ ಚುಚ್ಚಿಡಬೇಕು. ಆಮೇಲೆ ಚುಚ್ಚಿದರೆ ಗಡ್ಡೆಗೇ ನಾಟೀತು. ಬಿದಿರಿನ ಗಳಕ್ಕಿಂತ ಕವಲುಕವಲಾದ ಒಣರೆಂಬೆ ಮೇಲು, ಎಲೆಯ ತುದಿಗಳಿಗೆ ಹಿಡಿಯಲು ಆಸರೆ ಸಿಕ್ಕುತ್ತದೆ. ಬೇಲಿಯಲ್ಲಿ ದಾಸವಾಳದ ಪೊದೆಯಿದ್ದರೆ ಅದರ ಮೇಲೆಯೇ ಏರಿಸಬಹುದು. ನೆಟ್ಟ ಮೇಲೆ ಆಷಾಢದ ಗಾಳಿ ಬೀಸಿ ಮಳೆ ಕೈಕೊಟ್ಟಾಗ ಮಾತ್ರ ಎರಡು ದಿನಕ್ಕೊಮ್ಮೆ ನೀರು. ಶ್ರಾವಣ, ಭಾದ್ರಪದಗಳಲ್ಲಿ ಹೂವು.

ಈ ಬಳ್ಳಿಗೆ ಒಬ್ಬ ಅತಿಥಿಯುಂಟು. ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಒಂದು ಕಂಬಳಿಹುಳು ಎಲೆಗಳನ್ನು ಕಡ್ಡಿಯಾಗುವವರೆಗೆ ಮೇಯುತ್ತದೆ. ಇದು ಬೆಳೆದು ಪತಂಗವಾಗುತ್ತದೆ. ಆ ಪತಂಗದ ಶಾಸ್ತ್ರೀಯ ಹೆಸರೇ ‘ಪೊಲಿಟೆಲಾ ಗ್ಲೋರಿಯೋಸೆ’. ಗ್ಲೋರಿಯೋಸದ ಪತಂಗ ಎಂದರ್ಥ. ನಮಗೆ ಪ್ರಾಣಾಂತಿಕವಾದ ಎಲೆ ಅದಕ್ಕೆ ಮೃಷ್ಟಾನ್ನ. ಹುಳುಗಳು ಹೆಚ್ಚಾದರೆ ಕೈಚೀಲ ಹಾಕಿಕೊಂಡು ಆಯ್ದು ತೆಗೆದರಾಯಿತು, ಔಷಧಿ ಸಿಂಪಡಿಸಬೇಕಾಗಿಲ್ಲ.

ಪ್ರಾಣಾಂತಿಕ ಎಂದೆ. ಈ ಮಾತನ್ನು ಅಲಂಕಾರಕ್ಕಾಗಿ ಆಡಲಿಲ್ಲ. ಗೌರಿ ಹೂವಿನ ಬಳ್ಳಿಯ ಎಲ್ಲ ಅಂಗಗಳೂ ವಿಷ. ಗಡ್ಡೆ ಮತ್ತು ಬೀಜ ಎಲ್ಲಕ್ಕಿಂತ ಹೆಚ್ಚು. ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಇದರಲ್ಲಿರುವ ಮುಖ್ಯ ವಿಷವಸ್ತು ಕಾಲ್ಚಿಸಿನ್. 1820ರಲ್ಲಿ ಫ್ರಾನ್ಸಿನ ಪೆಲ್ತಿಯೆ ಮತ್ತು ಕಾವೆಂತು ಎಂಬ ರಸಾಯನಜ್ಞರು ಇದರ ದಾಯಾದಿಯಾದ ಯುರೋಪಿನ ಇನ್ನೊಂದು ಗಿಡದಿಂದ ಇದನ್ನು ಮೊದಲಿಗೆ ಬೇರ್ಪಡಿಸಿದರು. ಜೀವಕೋಶ ಎರಡಾಗಿ ಒಡೆಯುವ ಕ್ರಿಯೆಯನ್ನೇ ಇದು ತಡೆದುಬಿಡುತ್ತದೆ. ಅದೇ ಗುಣದಿಂದ ಸಸ್ಯತಳಿಗಳನ್ನು ಸುಧಾರಿಸುವ ವಿಜ್ಞಾನಿಗಳಿಗೆ ಇದು 1937ರಿಂದ ಉಪಕರಣವಾಯಿತು. ಕೀಲುಗಳು ಊದಿಕೊಳ್ಳುವ ಗೌಟ್ ರೋಗಕ್ಕೆ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಕೊಡುತ್ತಾರೆ. ಆದರೆ ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಮನೆಮದ್ದಿನ ಸಾಹಸಕ್ಕೆ ಇಲ್ಲಿ ಎಡೆಯಿಲ್ಲ.

ಗಡ್ಡೆಯನ್ನು ಗೆಣಸೆಂದು ತಿಳಿದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಶ್ರೀಲಂಕೆಯ ವೈದ್ಯರು ಇಂಥ ಪ್ರಕರಣಗಳನ್ನು ವಿವರವಾಗಿ ದಾಖಲಿಸಿದ್ದಾರೆ. ತಿಂದ ಕೆಲವು ಗಂಟೆಗಳಲ್ಲಿ ಗಂಟಲುರಿ, ವಾಂತಿ, ಭೇದಿ ಮೊದಲಾಗುತ್ತವೆ. ಅದು ನಿಂತಿತೆಂದು ಸಮಾಧಾನಪಡುವಂತಿಲ್ಲ. ಆಮೇಲಿನ ದಿನಗಳಲ್ಲಿ ರಕ್ತ ಹುಟ್ಟುವ ಮಜ್ಜೆಯೇ ಸೊರಗುತ್ತದೆ. ಆದ್ದರಿಂದ ಸಂಶಯ ಬಂದ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು, ಸಾಧ್ಯವಾದರೆ ಗಿಡದ ಒಂದು ತುಂಡನ್ನೂ ಜೊತೆಗೆ ಒಯ್ದು ತೋರಿಸಬೇಕು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಈ ಬಳ್ಳಿ ಬೇಡವೆಂದೇ ನನ್ನ ಸಲಹೆ. ಇದ್ದರೆ ತಂತಿಬೇಲಿಯ ಒಳಗಿರಲಿ. ಗೆಣಸು, ಶುಂಠಿ, ಅರಿಶಿನಗಳ ಪಾತಿಯ ಹತ್ತಿರ ಎಂದೂ ನೆಡಬಾರದು. ತೆಗೆದ ಗಡ್ಡೆಯನ್ನು ಅಡುಗೆಮನೆಯ ಬುಟ್ಟಿಯಲ್ಲಿ ಎಂದೂ ಇಡಬಾರದು. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ನಂಬಿ ಆಡನ್ನು ಹಿತ್ತಲಿಗೆ ಬಿಡುವುದೂ ಬೇಡ.

ಇಷ್ಟು ಕೇಳಿದ ಮೇಲೂ ಈ ಹೂವನ್ನು ಬೆಳೆಸಬೇಕೆಂಬ ಆಸೆ ಉಳಿದವರಿಗೆ ಗಡ್ಡೆ ಎಲ್ಲಿಂದ ಬರಬೇಕು? ಇದೇ ನಿಜವಾದ ಪ್ರಶ್ನೆ. ಕಪ್ಪತಗುಡ್ಡ ಕಣ್ಣಳತೆಯಲ್ಲಿಯೇ ಇದೆ, ಒಂದು ಗುದ್ದಲಿ ಸಾಕಲ್ಲ ಎಂದು ಯಾರಿಗಾದರೂ ತೋರಬಹುದು. ಲೆಕ್ಕ ಹಾಕಿ ನೋಡೋಣ. ಗಡ್ಡೆ ವರ್ಷಕ್ಕೊಮ್ಮೆ ತಾನು ಕರಗಿ ತನ್ನ ಜಾಗದಲ್ಲಿ ಹೊಸ ಗಡ್ಡೆಯನ್ನು ಇಟ್ಟುಹೋಗುತ್ತದೆ. ಹೆಚ್ಚೆಂದರೆ ಒಂದು ಎರಡಾಗುತ್ತದೆ. ಬೀಜದಿಂದ ಹುಟ್ಟಿದ ಸಸಿ ಹೂವು ಬಿಡಲು ಮೂರು ನಾಲ್ಕು ವರ್ಷ ಬೇಕು. ಹೀಗಿರುವಾಗ ಗುಡ್ಡದಿಂದ ಕಿತ್ತ ಒಂದು ಗಡ್ಡೆಯ ಜಾಗ ತುಂಬಲು ಅಷ್ಟು ಕಾಲ ಹಿಡಿಯುತ್ತದೆ. ಕೀಳುವವನು ಹೂವನ್ನು ನೋಡಿಯೇ ಗುರುತು ಹಿಡಿಯುವುದರಿಂದ, ಬೀಜವಾಗುವ ಮೊದಲೇ ಬಳ್ಳಿ ಹೋದರೆ ಮುಂದಿನ ಪೀಳಿಗೆಯೂ ಅದರ ಜೊತೆಗೆ ಹೋಯಿತು. ಔಷಧಿ ವ್ಯಾಪಾರಕ್ಕಾಗಿ ಗಡ್ಡೆ ಅಗೆದು ಈ ಬಳ್ಳಿಯನ್ನು ವಿರಳ ಮಾಡಿಕೊಂಡ ಕಾಡುಗಳು ನಮ್ಮ ದೇಶದಲ್ಲಿ ಹಲವಿವೆ. ಅದೇ ಕೆಲಸವನ್ನು ಹೂದೋಟದ ಪ್ರೀತಿಯ ಹೆಸರಿನಲ್ಲಿ ನಾವು ಮಾಡಬೇಕೆ?

ಕಪ್ಪತಗುಡ್ಡ ಉಳಿದದ್ದು ಸುಲಭವಾಗಿ ಅಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ, 2016ರಲ್ಲಿ ಆ ಘೋಷಣೆ ಹಿಂದೆಗೆಯಲ್ಪಟ್ಟು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಊರ್ಜಿತವಾಯಿತು. 2019ರಲ್ಲಿ 244 ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶ ವನ್ಯಜೀವಿಧಾಮವಾಯಿತು. ಗಣಿಯವರು ಗುಡ್ಡವನ್ನು ಅಗೆಯಬಾರದೆಂದು ಹೋರಾಡಿದ ಜನ ನಾವು. ಹಿತ್ತಲಿನ ಶೋಭೆಗೆಂದು ನಾವೇ ಅಗೆಯತೊಡಗಿದರೆ ಆ ಹೋರಾಟಕ್ಕೆ ಏನು ಬೆಲೆ? ವನ್ಯಜೀವಿಧಾಮದಿಂದ ಗಿಡ ಕೀಳುವುದು ಕಾನೂನಿಗೂ ವಿರುದ್ಧ. ಕಾನೂನು ಇಲ್ಲದಿದ್ದರೂ ಅದು ತಪ್ಪೇ.

ಆದ್ದರಿಂದ ಬೀಜವೇ ನೇರವಾದ ದಾರಿ. ಬೆಳೆಸಿದವರ ಮನೆಯಿಂದ, ಇಲ್ಲವೆ ತಮ್ಮ ಗಿಡಗಳ ಬೀಜದಿಂದಲೇ ಸಸಿ ಮಾಡುವ ಸಸ್ಯಪಾಲಕರಿಂದ ಅದನ್ನು ಪಡೆಯಬಹುದು. ಹಿಂಗಾರಿನ ಕೊನೆಗೆ ಕಾಯಿ ಒಣಗಿ ಮೂರು ಹೋಳಾಗಿ ಬಿರಿದಾಗ ಒಳಗೆ ಕಿತ್ತಳೆಗೆಂಪಿನ ಗುಂಡು ಬೀಜಗಳು ಸಾಲಾಗಿ ಕುಳಿತಿರುತ್ತವೆ. ಅವುಗಳನ್ನು ಒಣಗಿಸಿ, ಮಕ್ಕಳ ಕೈಗೆ ಸಿಕ್ಕದಂತೆ ಹೆಸರು ಬರೆದ ಡಬ್ಬಿಯಲ್ಲಿಟ್ಟು, ಮುಂಗಾರಿಗೆ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರಳು ಮತ್ತು ಎಲೆಗೊಬ್ಬರ ಸಮವಾಗಿ ಬೆರೆಸಿದ ಕುಂಡದಲ್ಲಿ ಅರ್ಧ ಅಂಗುಲ ಆಳಕ್ಕೆ ಊರಬೇಕು. ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಕೆಲವೇ ವಾರಗಳಲ್ಲಿ, ಕೆಲವು ತಿಂಗಳುಗಳ ಮೇಲೆ, ಕೆಲವು ಮುಂದಿನ ಮಳೆಗಾಲಕ್ಕೆ. ಒಂದು ವರ್ಷದ ಮಳೆ ಹುಸಿಯಾದರೆ ಇನ್ನೊಂದು ವರ್ಷಕ್ಕೆಂದು ಬೀಜವನ್ನು ಉಳಿಸಿಕೊಳ್ಳುವ ಈ ಜಾಣತನ ನಮ್ಮ ಒಣಬೇಸಾಯದ ರೈತನಿಗೆ ಅಪರಿಚಿತವೇನಲ್ಲ. ಮೊದಲ ವರ್ಷ ಹುಲ್ಲಿನಂಥ ಒಂದೆರಡು ಎಲೆ, ಮಣ್ಣಿನೊಳಗೆ ಬಟಾಣಿ ಗಾತ್ರದ ಗಡ್ಡೆ. ಎರಡನೆಯ ವರ್ಷ ಒಂದು ಗೇಣು ಬಳ್ಳಿ. ಹೂವು ಆಮೇಲಿನ ಮಾತು.

ಮೂರು ನಾಲ್ಕು ವರ್ಷ ಕಾಯುವುದು ಹೆಚ್ಚಾಯಿತೆನ್ನುವವರಿಗೆ ನಾನು ಹೇಳುವುದಿಷ್ಟೆ. ಮಾವಿನ ಗಿಡ ನೆಟ್ಟವರು ಇದಕ್ಕಿಂತ ಹೆಚ್ಚು ಕಾಯುತ್ತಾರೆ. ಗೌರಿ ಹೂವಿನ ಕುಂಡ ಕಾಯುವ ಕಾಲದಲ್ಲಿ ಬೇಡುವುದೂ ಅತ್ಯಲ್ಪ: ಮಳೆಗಾಲದಲ್ಲಿ ಒಂದು ದೃಷ್ಟಿ, ಮಾಗಿಯಲ್ಲಿ ಒಂದು ಒಣಮೂಲೆ. ನನ್ನ ಕುಂಡಗಳ ಬೀಜವನ್ನು ನಾನು ಕೇಳಿದವರಿಗೆಲ್ಲ ಕೊಡುತ್ತ ಬಂದಿದ್ದೇನೆ, ವಿಷದ ಎಚ್ಚರಿಕೆಯ ಚೀಟಿಯೊಡನೆ. ಹತ್ತು ಮನೆಗಳಲ್ಲಿ ಹೂವು ಬಿಟ್ಟರೆ ಹನ್ನೊಂದನೆಯವರು ಬೀಜ ಕೇಳಲು ಆ ಹತ್ತು ಮನೆಗಳಿಗೆ ಹೋಗುತ್ತಾರೆ, ಗುದ್ದಲಿ ಹಿಡಿದು ಗುಡ್ಡಕ್ಕೆ ಹೋಗುವುದಿಲ್ಲ. ಬರುವ ರೋಹಿಣಿ ಮಳೆಗೆ ಮುನ್ನ ಬೀಜ ಊರಿದವರು ನಾಲ್ಕನೆಯ ವರ್ಷದ ಗೌರಿ ಹಬ್ಬಕ್ಕೆ ತಮ್ಮ ಹಿತ್ತಲಿನ ನೆರಳಿನಲ್ಲಿಯೇ ಹೂವು ಕಾಣಬಹುದು.